ಪೇಟಿ ಮಾಸ್ತರ, ಅಕ್ಕಾರು ಮತ್ತು ನವೆಂಬರ್ ತಿಂಗಳ ಸಹಿ

ಬಾಗಲಕೋಟೆಯ ಇಬ್ಬರು ಹುಡುಗರು, ಒಬ್ಬ ಹುಡುಗಿ ಸೇರಿ ಒಂದು ಸಣ್ಣ ಸಿನಿಮಾ ಮಾಡಲು ಹೊರಟಿದ್ದರು. ಸುಮಾರು 40 ನಿಮಿಷದ್ದು. ಕಥೆಯ ಎಳೆ ಸರಳ. ನವನಗರದಲ್ಲಿ ಒಬ್ಬ ವಿಧವೆ, ವಯಸ್ಸು 56. ಗಂಡ ಸರ್ಕಾರಿ ಶಾಲೆಯ ಹೆಡ್ ಮಾಸ್ತರ ಆಗಿದ್ದವರು. ಹಳೇ ಬಾಗಲಕೋಟೆಯಲ್ಲಿ ಒಬ್ಬ ಪೇಟಿ ಮಾಸ್ತರ, ವಯಸ್ಸು 61. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತ ಊರೂರು ತಿರುಗಿ, ಮದುವೆ ಇಲ್ಲದೆ ಉಳಿದವರು. ಜಾತಿ ಬೇರೆ, ಬೆಳೆದ ರೀತಿ ಬೇರೆ, ಮಲಗುವ ಹೊತ್ತೂ ಬೇರೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಆದರೆ ಒಂದಾಗುವುದಿಲ್ಲ.

ಸಿನಿಮಾ ನೋಡಿದವರಿಗೆ ಎದೆ ಭಾರವೂ ಆಗಬೇಕು, ಇಂಥ ಇಬ್ಬರು ಈ ಊರಲ್ಲಿ ಇದ್ದಾರಲ್ಲ ಅಂತ ಖುಷಿಯೂ ಆಗಬೇಕು. ಅದು ಅವರ ಆಸೆ. ಕರಡು ಓದಿ, ಪ್ರಶ್ನೆ ಕೇಳಿ, ತಿದ್ದುವಾಗ ಜೊತೆಗಿರುವುದು ನನ್ನ ಕೆಲಸವಾಗಿತ್ತು. ಕಥೆ ಎಲ್ಲಿ ಸಿಕ್ಕಿಕೊಂಡಿತು, ಅಲ್ಲಿಂದ ಹೇಗೆ ಹೊರಬಂತು ಅನ್ನುವುದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಈಗ ಕ್ಯಾಮೆರಾ ಹಿಡಿದ ಹುಡುಗರು ಜಾಸ್ತಿ. ಪ್ರೀತಿಯ ಕಥೆಗೆ ನೋವಿನ ಕೊನೆ ಬೇಕು ಅಂದಾಗ ಬಹಳ ಮಂದಿ ಇದೇ ಜಾಗದಲ್ಲಿ ನಿಂತುಬಿಡುತ್ತಾರೆ.

ಸಿಕ್ಕು ಒಂದೇ. ಇವರಿಬ್ಬರು ಯಾಕೆ ಮದುವೆ ಆಗುವುದಿಲ್ಲ?

ಮೊದಲ ಎರಡು ಉತ್ತರಗಳು

ಮೊದಲ ಕರಡಿನಲ್ಲಿ ಆ ವಿಧವೆ, ಅಂದರೆ ಅಕ್ಕಾರು, ಸಾಯುತ್ತಾರೆ. (ಚಿತ್ರಕಥೆಯಲ್ಲಿ ಅವರಿಗೆ ಹೆಸರಿಲ್ಲ. ಎಲ್ಲರೂ ಅಕ್ಕಾರ ಅನ್ನುತ್ತಾರೆ. ಹಾಗೆಯೇ ಇರಲಿ ಅಂದೆ.) ಹೃದಯದ ಕಾಯಿಲೆ. ಮೊದಲ ಹತ್ತು ನಿಮಿಷದಲ್ಲೇ ಗುಳಿಗೆ ನುಂಗುವ ದೃಶ್ಯ ಬರುತ್ತದೆ, ಕೊನೆಯಲ್ಲಿ ಮಾಸ್ತರ ಒಬ್ಬರೇ ಪೇಟಿ ನುಡಿಸುತ್ತಾರೆ. ಓದಿದರೆ ಕಣ್ಣು ತುಂಬುತ್ತದೆ, ನಿಜ. ಆದರೆ ಸಾವು ಬಂದ ಕೂಡಲೇ ಎಲ್ಲರೂ ಪಾರು. ಮಗ ಏನೂ ಹೇಳಬೇಕಿಲ್ಲ. ಓಣಿಯವರು ಮುಖ ತೋರಿಸಬೇಕಿಲ್ಲ. ಮುಖ್ಯವಾಗಿ ಅಕ್ಕಾರು ಏನನ್ನೂ ತೀರ್ಮಾನ ಮಾಡಬೇಕಿಲ್ಲ. 56 ವರ್ಷ ಬದುಕಿದ ಹೆಣ್ಣುಮಗಳೊಬ್ಬಳಿಗೆ ತನ್ನ ಕಥೆಯಲ್ಲಿ ತೀರ್ಮಾನ ಮಾಡುವ ಒಂದು ಅವಕಾಶವನ್ನೂ ಕೊಡದೆ ಸಾಯಿಸುವುದು ನನಗೆ ಅನ್ಯಾಯ ಅನಿಸಿತು. ಅದನ್ನೇ ಹೇಳಿದೆ. ಹುಡುಗರಿಗೆ ಬೇಜಾರಾಯಿತು, ಒಪ್ಪಿದರು.

ಎರಡನೆಯ ಕರಡಿನಲ್ಲಿ ಮಗ ಖಳನಾದ. ಪುಣೆಯಲ್ಲಿ ಕೆಲಸ, ಊರಿಗೆ ಬಂದು ಕೂಗಾಡುತ್ತಾನೆ, ಮಾಸ್ತರರ ಪೇಟಿಯನ್ನು ಒದೆಯುತ್ತಾನೆ. ಜಾತಿ ಹಿಡಿದು ಬೈಯುತ್ತಾನೆ. ಇದು ಸುಳ್ಳು ಅಂತ ನಾನು ಹೇಳಲಾರೆ. ಹಾಗೆ ಮಾಡುವ ಮಕ್ಕಳಿದ್ದಾರೆ. ಆದರೆ ಇಂಥ ಮಗನನ್ನು ನೋಡಿದ ಪ್ರೇಕ್ಷಕ ಮನೆಗೆ ಹೋಗಿ, ನಾನು ಇವನ ಹಾಗಲ್ಲ ಅಂತ ಆರಾಮಾಗಿ ಊಟ ಮಾಡುತ್ತಾನೆ. ನೋವು ಪೂರ್ತಿ ಖಳನ ತಲೆಗೆ ಹೋಗುತ್ತದೆ. ಉಳಿದವರಿಗೆ ಏನೂ ಉಳಿಯುವುದಿಲ್ಲ.

ಆಗ ಅವರಿಗೆ ಒಂದು ಲೆಕ್ಕ ಕೇಳಿದೆ. ಯಾರೂ ಅಡ್ಡ ಬರಲಿಲ್ಲ ಅಂದುಕೊಳ್ಳಿ. ಮಗ ಒಳ್ಳೆಯವನು, ಮಗಳು ಒಳ್ಳೆಯವಳು, ಓಣಿಯವರು ಸುಮ್ನಿದ್ದಾರೆ. ನಾಳೆ ಬೆಳಗ್ಗೆ ಇವರಿಬ್ಬರು ರಿಜಿಸ್ಟರ್ ಕಚೇರಿಗೆ ಹೋಗುತ್ತಾರೆ. ಯಾರಿಗೆ ಏನು ಹೋಗುತ್ತದೆ? ರೂಪಾಯಿಯಲ್ಲಿ ಹೇಳಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂಡದ ಹುಡುಗಿ ಹೇಳಿದಳು: "ನಮ್ಮ ಚಿಗವ್ವಗ ಪಿಂಚಣಿ ಬರತೈತ್ರಿ. ಮದುವಿ ಆದ್ರ ಅದು ಹೋಗತೈತ್ರಿ."

ಅಲ್ಲಿಂದ ಈ ಕಥೆ ಬೇರೆಯಾಯಿತು.

ಲೆಕ್ಕ

ಕರ್ನಾಟಕದಲ್ಲಿ 2006ರ ಏಪ್ರಿಲ್‌ಗಿಂತ ಮುಂಚೆ ಸೇವೆಗೆ ಸೇರಿದ ಸರ್ಕಾರಿ ನೌಕರರಿಗೆ ಹಳೇ ಪಿಂಚಣಿ ಪದ್ಧತಿ ಇದೆ. ಅವರು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಅದು ಕೊನೆಯ ಮೂಲ ವೇತನದ ಶೇ. 30, ಅದರ ಮೇಲೆ ತುಟ್ಟಿಭತ್ಯೆ. ಇದು ಆಕೆ ಇರುವ ತನಕ ಬರುತ್ತದೆ, ಇಲ್ಲವೇ ಮರುಮದುವೆ ಆಗುವ ತನಕ. ಯಾವುದು ಮೊದಲೋ ಅದು. ಚಿತ್ರಕಥೆಯಲ್ಲಿ ಹೆಡ್ ಮಾಸ್ತರರ ಕೊನೆಯ ಮೂಲ ವೇತನ 60 ಸಾವಿರ ಅಂತ ಇಟ್ಟುಕೊಂಡೆವು. ಹಾಗಾದರೆ ಅಕ್ಕಾರಿಗೆ ತಿಂಗಳಿಗೆ 18 ಸಾವಿರ, ತುಟ್ಟಿಭತ್ಯೆ ಬೇರೆ.

ಈಗ ಮಾಸ್ತರರ ಕಡೆ ನೋಡಿ. ಕಂಪನಿ ನಾಟಕಕ್ಕೆ ಮೊದಲಿನ ಹಾಗೆ ವರ್ಷಪೂರ್ತಿ ಕ್ಯಾಂಪ್ ಇಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ಶುರುವಾದರೆ ಹತ್ತಾರು ಕಂಪನಿ ಟೆಂಟ್ ಹಾಕುತ್ತವೆ. ರಾತ್ರಿಯೆಲ್ಲ ನಾಟಕ ನಡೆಯುತ್ತದೆ. ಆಗ ಪೇಟಿ ನುಡಿಸುವವರಿಗೆ ಕೈತುಂಬ ಕೆಲಸ. ಉಳಿದ ತಿಂಗಳು ಭಜನೆ, ಹಳ್ಳಿಯ ಹವ್ಯಾಸಿ ನಾಟಕಗಳ ತಾಲೀಮು, ಮಕ್ಕಳಿಗೆ ಪಾಠ. ವಯಸ್ಸಾದ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನ ಇದೆ. ಒಬ್ಬರ ಹೊಟ್ಟೆಗೆ ಅದು ಆಸರೆ. ಇಬ್ಬರ ಸಂಸಾರಕ್ಕೆ ಸಾಲದು.

ಆಸ್ತಿಯ ಮಾತೂ ಬಂತು. ಎರಡನೆಯ ಕರಡಿನ ಮಗ, ಮದುವೆಯಾದರೆ ಮನೆ ಹೋಗುತ್ತದೆ ಅಂತ ಕೂಗುತ್ತಿದ್ದ. ಕಾನೂನಿನಲ್ಲಿ ಅದು ಹಾಗಿಲ್ಲ. ಹೆಡ್ ಮಾಸ್ತರರು ಉಯಿಲು ಬರೆಯದೆ ತೀರಿಕೊಂಡರು ಅಂದುಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಹೆಂಡತಿಗೆ ಬಂದ ಪಾಲು ಪೂರ್ತಿ ಆಕೆಯದು. ಆಮೇಲೆ ಮರುಮದುವೆ ಆದರೂ ಅದು ವಾಪಸ್ ಹೋಗುವುದಿಲ್ಲ. 1856ರ ವಿಧವಾ ಮರುವಿವಾಹ ಕಾಯ್ದೆಯಲ್ಲಿ ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯ ಹಕ್ಕು ಬಿಡಬೇಕಿತ್ತು. ಆ ಕಾಲ ಹೋಯಿತು. ಹಾಗಂತ ಮಗನ ಭಯ ಪೂರ್ತಿ ಬುಡವಿಲ್ಲದ್ದೂ ಅಲ್ಲ. ತಾಯಿ ಎರಡನೇ ಮದುವೆಯಾಗಿ, ಉಯಿಲು ಬರೆಯದೆ ತೀರಿಕೊಂಡರೆ, ಆಕೆಯ ಪಾಲಿನಲ್ಲಿ ಮಕ್ಕಳ ಜೊತೆ ಹೊಸ ಗಂಡನಿಗೂ ಭಾಗ ಬರುತ್ತದೆ. ಒಂದು ಉಯಿಲು ಬರೆದರೆ ಆ ಚಿಂತೆ ಮುಗಿಯಿತು.

ಅಂದರೆ ಮನೆ ಉಳಿಯುತ್ತದೆ, ಪಿಂಚಣಿ ಹೋಗುತ್ತದೆ. ಕಥೆಗೆ ಇದಕ್ಕಿಂತ ಒಳ್ಳೆಯ ಅಡ್ಡಿ ಸಿಗಲಾರದು ಅಂತ ನನಗೆ ಆಗಲೇ ಅನಿಸಿತು. ಯಾಕೆ ಅಂತ ಬಿಡಿಸಿ ಹೇಳಬೇಕು. ಈ 18 ಸಾವಿರ ಅಕ್ಕಾರಿಗೆ ಬರೀ ದುಡ್ಡಲ್ಲ. ಗಂಡ ಇದ್ದಾಗ ಸಂತೆಗೆ ಹೋಗಲು ಗಂಡನ ಕೈಯಿಂದ ಇಸಿದುಕೊಳ್ಳಬೇಕಿತ್ತು. ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವರ ಹೆಸರಿದೆ. ಮೊಮ್ಮಗಳಿಗೆ ಕಾಲ್ಗೆಜ್ಜೆ ಕೊಡಿಸಿದರೆ ಯಾರನ್ನೂ ಕೇಳಬೇಕಿಲ್ಲ. ಬದುಕಿನಲ್ಲಿ ಮೊದಲ ಸಲ ಅವರಿಗೆ ಅವರದೇ ಆದ ಆದಾಯ ಬಂದಿದೆ, ಅದೂ ಗಂಡ ಹೋದ ಮೇಲೆ. ಪ್ರೀತಿ ಮುಂದೆ ದುಡ್ಡು ಏನು ಮಹಾ ಅಂತ ಸಿನಿಮಾ ಹೇಳಿದರೆ ಈ ಹೆಣ್ಣುಮಗಳಿಗೆ ಅವಮಾನ ಮಾಡಿದಂತೆ.

ತಂಡದ ಒಬ್ಬ ಹುಡುಗನಿಗೆ ಇದು ಹಿಡಿಸಲಿಲ್ಲ. ಪ್ರೀತಿಯ ಕಥೆಯಲ್ಲಿ ಪಿಂಚಣಿ ಬಂದರೆ ಜನ ನಗುತ್ತಾರೆ ಅಂದ. ನಕ್ಕರೆ ನಗಲಿ, ನಗುತ್ತಲೇ ಎಲ್ಲೋ ಚುಚ್ಚುತ್ತದಲ್ಲ, ಅದೇ ನಿಮಗೆ ಬೇಕಾದದ್ದು ಅಂದೆ.

ಎರಡು ಬಾಗಲಕೋಟೆ

ಅಡ್ಡಿ ಸಿಕ್ಕ ಮೇಲೆ ಊರು ತಾನಾಗಿ ಕಥೆಯೊಳಗೆ ಬಂತು. ಮೊದಲ ಕರಡುಗಳಲ್ಲಿ ಬಾಗಲಕೋಟೆ ಬರೀ ಹಿನ್ನೆಲೆ. ಬಸ್ ನಿಲ್ದಾಣದ ಬೋರ್ಡ್ ಒಂದನ್ನು ತೋರಿಸಿ ಮುಗಿಸಿದ್ದರು.

ಬಾಗಲಕೋಟೆ ಮುಳುಗಡೆಯ ಊರು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಈಗ 519.60 ಮೀಟರ್ ತನಕ ನೀರು ನಿಲ್ಲುತ್ತದೆ. ಕೃಷ್ಣೆಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೇ ಊರಿನ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಹೋದರು. ಹಳೇ ಊರು ಮತ್ತು ನವನಗರದ ನಡುವೆ ವಿದ್ಯಾಗಿರಿ. ಹಳೇ ಊರಿನಲ್ಲಿ ವಿಳಾಸ ಅಂದರೆ ಓಣಿಯ ಹೆಸರು, ಪಕ್ಕದ ಮನೆಯವರ ಹೆಸರು. ನವನಗರದಲ್ಲಿ ಸೆಕ್ಟರ್ ನಂಬರ್. ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತು ಮೂರು ತಲೆಮಾರು ಮಾತಾಡಿದವರು ಬೇರೆ ಬೇರೆ ಸೆಕ್ಟರಿಗೆ ಚದುರಿದರು.

ಅಕ್ಕಾರು ಹೀಗೆ ಚದುರಿದವರು. ಗಂಡ ಇದ್ದಾಗಲೇ ನವನಗರಕ್ಕೆ ಬಂದು ಮನೆ ಕಟ್ಟಿದ್ದಾರೆ. ಮಾಸ್ತರ ಹಳೇ ಊರಿನ ಉಳಿದ ಭಾಗದಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದಾರೆ. ಬಾಡಿಗೆಯವನಿಗೆ ಮುಳುಗಿದ ಮನೆಯ ಪರಿಹಾರ ಯಾರು ಕೊಡುತ್ತಾರೆ? ಅದರ ಮೇಲೆ ಇನ್ನೊಂದು ಭಯ. ಕೃಷ್ಣಾ ಎರಡನೇ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಏರಿದರೆ ಇನ್ನಷ್ಟು ಜಾಗ ನೀರಿಗೆ ಹೋಗುತ್ತದೆ. ಮಾಸ್ತರರ ಬದುಕಿನಲ್ಲಿ ಎಲ್ಲವೂ ಹೀಗೆ. ಇವತ್ತು ಇದೆ, ನಾಳೆಯದು ಗೊತ್ತಿಲ್ಲ. ಅಕ್ಕಾರ ಪಿಂಚಣಿ ಇದಕ್ಕೆ ಪೂರ್ತಿ ಉಲ್ಟಾ. ಇಬ್ಬರ ನಡುವಿನ ಅಂತರವನ್ನು ಮಾತಿನಲ್ಲಿ ಹೇಳಬೇಕಾಗಲೇ ಇಲ್ಲ. ಸಿಟಿ ಬಸ್ಸಿನಲ್ಲಿ ಮಾಸ್ತರ ಪೇಟಿಯನ್ನು ತೊಡೆ ಮೇಲೆ ಇಟ್ಟುಕೊಂಡು ವಿದ್ಯಾಗಿರಿ ದಾಟಿ ಬರುವ ಒಂದು ಶಾಟ್ ಸಾಕಾಯಿತು.

ಇಬ್ಬರೂ ಭೇಟಿಯಾಗುವುದು ಅಕ್ಕನ ಬಳಗದಲ್ಲಿ. ಸೆಕ್ಟರಿನ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರಿ ವಚನ ಹಾಡುತ್ತಾರೆ. ಸ್ವರ ಹಿಡಿದು ಹಾಡಲು ಯಾರಾದರೂ ಕಲಿಸಬೇಕಲ್ಲ, ಅದಕ್ಕೆ ಮಾಸ್ತರರನ್ನು ಕರೆಸುತ್ತಾರೆ. ಇಲ್ಲಿ ಜಾತಿಯ ಮಾತು ಬರಬೇಕು, ಬರದಿದ್ದರೆ ಸುಳ್ಳಾಗುತ್ತದೆ ಅಂತ ನಾನು ಹಟ ಹಿಡಿದೆ. ಎರಡನೆಯ ಕರಡಿನಲ್ಲಿ ಮಗ ಜಾತಿಯ ಬಗ್ಗೆ ಒಂದು ಪುಟ ಮಾತಾಡುತ್ತಿದ್ದ. ಅದನ್ನು ತೆಗೆದೆವು. ಬದಲಿಗೆ ಚಾ ಬಂತು. ಬಳಗದವರಿಗೆಲ್ಲ ಸ್ಟೀಲಿನ ಲೋಟ. ಮಾಸ್ತರರಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪು. ಯಾರೂ ಏನೂ ಅನ್ನುವುದಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ಪಕ್ಕದ ಜಿಲ್ಲೆಯಲ್ಲಿ, ಐಕ್ಯವಾದ ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿ. ಅವನ ವಚನ ಹಾಡಿ ಮುಗಿಸಿದ ಬಾಯಿಗಳೇ ಈ ಚಾ ಕುಡಿಯುತ್ತವೆ. ಮುಂದಿನ ವಾರ ಅಕ್ಕಾರು ತಮ್ಮ ಸ್ಟೀಲಿನ ಲೋಟವನ್ನು ಮಾಸ್ತರರ ಮುಂದೆ ಇಟ್ಟು, ಪ್ಲಾಸ್ಟಿಕ್ ಕಪ್ಪು ತಾವು ತೆಗೆದುಕೊಳ್ಳುತ್ತಾರೆ. ಒಬ್ಬಾಕೆ ನೋಡುತ್ತಾಳೆ, ಸುಮ್ಮನಾಗುತ್ತಾಳೆ. ಪ್ರೀತಿ ಶುರುವಾದದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ಈ ದೃಶ್ಯವನ್ನು ತೋರಿಸಬಹುದು. ಚಿತ್ರಕಥೆಯಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಪುಟ ಇದು.

ಖಣ

ಮಾಸ್ತರ ಅಕ್ಕಾರಿಗೆ ಏನಾದರೂ ಕೊಡಬೇಕು ಅಂತ ಹುಡುಗರಿಗೆ ಇತ್ತು. ಮೊದಲು ಹೂವು ಬರೆದಿದ್ದರು. ಆಮೇಲೆ ಮೊಬೈಲ್ ಬಂತು. ಎರಡೂ ಈ ಮನುಷ್ಯನ ಕೈಯಲ್ಲಿ ನಿಲ್ಲುವುದಿಲ್ಲ. ಕಂಪನಿಯ ಜೊತೆ ತಿರುಗಿದವನು ಗುಳೇದಗುಡ್ಡಕ್ಕೆ ಹೋಗಿರುತ್ತಾನೆ. ಅಲ್ಲಿ ನೇಯುವ ಖಣ ಅವನಿಗೆ ಗೊತ್ತು. ಇಳಕಲ್ ಸೀರೆ ಕೊಳ್ಳುವಷ್ಟು ಅವನ ಹತ್ತಿರ ಇಲ್ಲ. ಒಂದು ಕುಪ್ಪಸಕ್ಕಾಗುವಷ್ಟು ಖಣ ಕೊಳ್ಳಬಲ್ಲ.

ನಮ್ಮ ಕಡೆಯವರಿಗೆ ಇದರ ತೂಕ ಹೇಳಬೇಕಿಲ್ಲ. ಖಣ ಅಂದರೆ ಉಡಿ ತುಂಬುವುದು. ಮುತ್ತೈದೆಯರಿಗೆ ಕೊಡುವುದು. ಹಬ್ಬ, ಸೀಮಂತ, ಜಾತ್ರೆ ಎಲ್ಲದಕ್ಕೂ ಹೆಣ್ಣುಮಕ್ಕಳ ಉಡಿಯಲ್ಲಿ ಖಣ ಬೀಳುತ್ತದೆ. ಗಂಡ ಹೋದ ದಿನದಿಂದ ಅದು ನಿಲ್ಲುತ್ತದೆ. ಮನೆಯವರು ಯಾರೂ ಕೆಟ್ಟವರಲ್ಲ, ಸುಮ್ನೆ ಕೊಡುವುದನ್ನು ಬಿಡುತ್ತಾರೆ. ಎಷ್ಟೋ ವರ್ಷದ ಮೇಲೆ ಒಬ್ಬ ಗಂಡಸು ಪೇಪರಿನಲ್ಲಿ ಸುತ್ತಿದ ಖಣವನ್ನು ಪೇಟಿಯ ಮೇಲಿಟ್ಟು, "ಕುಬಸಾ ಹೊಲಿಸ್ಕೋರಿ" ಅಂದರೆ ಆಕೆಗೆ ಏನಾಗಬೇಡ?

ಅಕ್ಕಾರು ಅದನ್ನು ತೆಗೆದುಕೊಳ್ಳುತ್ತಾರೆ. ಹೊಲಿಸುವುದಿಲ್ಲ. ಟ್ರಂಕಿನಲ್ಲಿ ಇಡುತ್ತಾರೆ. ಹೊಲಿಸಿ ತೊಟ್ಟು ಬರಲಿ ಅಂತ ಒಬ್ಬ ಹುಡುಗ, ವಾಪಸ್ ಕೊಡಲಿ ಅಂತ ಇನ್ನೊಬ್ಬ. ಎರಡೂ ದೊಡ್ಡ ದೃಶ್ಯವಾಗುತ್ತವೆ. ಟ್ರಂಕಿನಲ್ಲಿ ಇಡುವುದು ಸಣ್ಣದು, ಆದರೆ ಇಡೀ ಸಿನಿಮಾ ಅದರಲ್ಲಿದೆ. ಬೇಡ ಅನ್ನಲಿಲ್ಲ, ಬೇಕು ಅಂತ ತೋರಿಸಲೂ ಇಲ್ಲ.

ಇಲ್ಲೊಂದು ಮಾತು. ವಿಧವೆಯ ಮರುಮದುವೆ ನಮ್ಮ ನೆಲಕ್ಕೆ ಹೊಸದಲ್ಲ. ಉಡಿಕಿ ಪದ್ಧತಿ ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಹಿಂದಿನಿಂದ ಬಂದದ್ದು. ಸಡಗರ ಕಡಿಮೆ, ಆದರೆ ಮದುವೆ ಮದುವೆಯೇ. ನಾಟಕದವರ ಜೊತೆ, ಬೇರೆ ಧರ್ಮದವರ ಜೊತೆ ಬಾಳಿದ ಉದಾಹರಣೆಗೂ ದೂರ ಹೋಗಬೇಕಿಲ್ಲ. ನಮ್ಮ ಬೀಳಗಿಯ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕೈ ಹಿಡಿದರು. ಹಿಂದಿ ಸಿನಿಮಾದಲ್ಲಿ ಹಾಡಿ ಹೆಸರಾದ ಅಮೀರಬಾಯಿ ಕರ್ನಾಟಕಿ ಇವರ ಅಕ್ಕತಂಗಿ. ಬಾಲಗಂಧರ್ವ 1888ರಲ್ಲಿ ಹುಟ್ಟಿದವರು, ಹೆಣ್ಣಿನ ಪಾತ್ರಗಳಿಂದ ಇಡೀ ಮಹಾರಾಷ್ಟ್ರವನ್ನು ಹುಚ್ಚು ಹಿಡಿಸಿದವರು. ಅವರ ಅಭಿಮಾನಿಗಳಲ್ಲಿ ಎಷ್ಟೋ ಜನ ಈ ಮುಸ್ಲಿಂ ಹೆಣ್ಣುಮಗಳನ್ನು ಒಪ್ಪಲೇ ಇಲ್ಲ. ಆ ನೋವು ಅವರ ಜೊತೆಗೇ ಇತ್ತು, ಬಾಳುವೆಯೂ ಇತ್ತು. ನಮ್ಮ ತಂಡದವರಿಗೆ ಇದನ್ನು ಹೇಳಿದಾಗ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀಳಗಿ ಬಾಗಲಕೋಟೆಯ ಪಕ್ಕದಲ್ಲೇ ಇದೆ, ಅಲ್ವಾ?

ಮಗನನ್ನು ಮತ್ತೆ ಬರೆದದ್ದು

ಖಳ ಹೋದ ಮೇಲೆ ಮಗನಿಗೆ ಏನು ಕೆಲಸ? ಅವನು ಒಳ್ಳೆಯವನಾದ. ಅದರಿಂದ ಅಕ್ಕಾರ ಕಷ್ಟ ಹೆಚ್ಚಾಯಿತು. ಮಗಳು ಜಮಖಂಡಿಯಲ್ಲಿ, ಅವಳಿಗೆ ಅತ್ತೆಮನೆಯ ಭಯ. ಅವಳ ದೃಶ್ಯ ಚಿಕ್ಕದು, ಅದರಲ್ಲಿ ತಕರಾರೇನೂ ಬರಲಿಲ್ಲ. ಮಗನ ಫೋನಿನ ದೃಶ್ಯಕ್ಕೆ ಮಾತ್ರ ಬಹಳ ಹೊತ್ತು ಹೋಯಿತು. ಕೊನೆಗೆ ಉಳಿದದ್ದು ಇಷ್ಟು:

"ಯವ್ವಾ, ನಿನಗ ನಾ ಏನ್ ಕಡಿಮಿ ಮಾಡೇನಿ ಹೇಳು."
"ಏನೂ ಕಡಿಮಿ ಮಾಡಿಲ್ಲಪಾ."
"ಮತ್ತ?"
"ಮತ್ತೇನಿಲ್ಲ. ಊಟ ಆತೇನು?"

ಮಗ ಕೇಳುವುದು ಪ್ರೀತಿಯಿಂದಲೇ. ತಾಯಿಗೆ ಏನಾದರೂ ಬೇಕು ಅಂದರೆ ಅದು ತನ್ನ ಕೊರತೆ ಅಂತ ತಿಳಿದುಕೊಂಡಿದ್ದಾನೆ. ಮಕ್ಕಳು ತುಂಬಲಾಗದ ಜಾಗವೊಂದು ತಾಯಿಯಲ್ಲಿ ಇರಬಹುದು ಅನ್ನುವುದು ಅವನಿಗೆ ಹೊಳೆಯುವುದಿಲ್ಲ. ಅವಳಿಗೂ ಅದನ್ನು ಹೇಳುವ ಮಾತು ಸಿಗುವುದಿಲ್ಲ. ಮೊದಲಿನ ಕರಡಿನಲ್ಲಿ ಇಲ್ಲಿ ಅಕ್ಕಾರ ಬಾಯಲ್ಲಿ ಒಂದು ಉದ್ದ ಭಾಷಣ ಇತ್ತು, ಹೆಣ್ಣಿನ ಒಂಟಿತನದ ಬಗ್ಗೆ. ಚೆನ್ನಾಗಿಯೇ ಬರೆದಿದ್ದರು. ಆದರೆ ಹಾಗೆ ಮಾತಾಡಬಲ್ಲ ಹೆಣ್ಣುಮಗಳಾಗಿದ್ದರೆ ಈ ಕಥೆಯೇ ಆಗುತ್ತಿರಲಿಲ್ಲ.

ತೀರ್ಮಾನದ ದೃಶ್ಯ

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ. ಅಕ್ಕಾರ ತವರಿನ ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆ ಕೊಟ್ಟ ಮೇಲೆ, ಎಲ್ಲರೂ ಊಟಕ್ಕೆ ಕೂತಿದ್ದಾರೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಭಜನೆಗೆ ಬಂದ ಮಾಸ್ತರರೂ ಇದ್ದಾರೆ. ಉಳಿದವರು ಬನ್ನಿಗಿಡದ ಕಡೆ ಹೋದಾಗ ಇಬ್ಬರೇ ಉಳಿಯುತ್ತಾರೆ. ಮದುವೆಯ ಮಾತನ್ನು ಮಾಸ್ತರ ಹಿಂದೆಯೇ ಕೇಳಿದ್ದಾರೆ. ಉತ್ತರ ಈಗ ಬರುತ್ತದೆ.

"ಮಾಸ್ತರ, ನೀವು ತಿಂಗಳಿಗೆ ಎಷ್ಟು ದುಡೀತೀರಿ?"
"ಒಂದ್ ತಿಂಗಳ ಐತಿ, ಒಂದ್ ತಿಂಗಳ ಇಲ್ರಿ."
"ನಂದು ಪ್ರತಿ ತಿಂಗಳ ಐತಿ. ಅದನ್ನ ಬಿಟ್ಟು ಬಂದ್ರ ನಾ ನಿಮ್ಮ ಕಡೆ ಕೈ ಚಾಚಬೇಕು. ನೀವು ಪೇಟಿ ಮಾರಬೇಕು."
"ಮಾರಿದ್ರ ಮಾರೂಣ್ರಿ."
"ಪೇಟಿ ಮಾರಿದ ಮ್ಯಾಲ ನೀವು ಯಾರ್ರೀ?"

ಇದನ್ನು ಬರೆದವಳು ತಂಡದ ಹುಡುಗಿ. ಒಂದಕ್ಷರವನ್ನೂ ಮುಟ್ಟಬೇಡಿ ಅಂದೆ. ಅಕ್ಕಾರು ತಮ್ಮ ಪಿಂಚಣಿಯನ್ನು ಕಾಯುತ್ತಿದ್ದಾರೆ, ಅವನ ಪೇಟಿಯನ್ನೂ ಕಾಯುತ್ತಿದ್ದಾರೆ. ಇಷ್ಟಪಟ್ಟದ್ದು ಪೇಟಿ ನುಡಿಸುವ ಮನುಷ್ಯನನ್ನು. ಅವನನ್ನು ಸಂಸಾರದ ನೊಗಕ್ಕೆ ಕಟ್ಟಿ, ಅವನು ಅವನಾಗಿ ಉಳಿಯದಿದ್ದರೆ ಏನು ಸುಖ? ಇದನ್ನು ಪ್ರೀತಿ ಅನ್ನದೆ ಇನ್ನೇನು ಅನ್ನಬೇಕೋ ನನಗೆ ಗೊತ್ತಿಲ್ಲ.

ಇದಾದ ಮೇಲೂ ಎರಡು ದಾರಿ ತೆರೆದೇ ಇದ್ದವು. ಪ್ರೇಕ್ಷಕರೂ ಅದನ್ನೇ ಕೇಳುತ್ತಾರೆ, ಆದ್ದರಿಂದ ಚಿತ್ರಕಥೆಯಲ್ಲಿ ಉತ್ತರ ಇರಲೇಬೇಕಿತ್ತು. ಒಂದು, ಗುಡಿಯಲ್ಲಿ ಗುಟ್ಟಾಗಿ ತಾಳಿ ಕಟ್ಟಿ, ಕಾಗದದ ಮೇಲೆ ವಿಧವೆಯಾಗಿಯೇ ಉಳಿಯುವುದು. ಗೊತ್ತಾದರೆ ಪಡೆದ ದುಡ್ಡನ್ನು ವಾಪಸ್ ಕಟ್ಟಬೇಕು, ಸುಳ್ಳು ಘೋಷಣೆಯ ಅಪರಾಧ ಬೇರೆ. ಅದಕ್ಕಿಂತ ದೊಡ್ಡ ತೊಂದರೆ ಕಥೆಯದು. ಅಲ್ಲಿಂದ ಮುಂದೆ ಸಿನಿಮಾ, ಸಿಕ್ಕಿಬೀಳುತ್ತಾರೋ ಇಲ್ಲವೋ ಅನ್ನುವ ಕುತೂಹಲವಾಗುತ್ತದೆ. ಎರಡು, ಮದುವೆ ಇಲ್ಲದೆ ಒಂದೇ ಮನೆಯಲ್ಲಿ ಇರುವುದು. ವಯಸ್ಸಿಗೆ ಬಂದ ಇಬ್ಬರು ಹಾಗೆ ಇದ್ದರೆ ಕಾನೂನು ತಡೆಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಪಟ್ಟಣದ ಹುಡುಗ ಹುಡುಗಿಯಾಗಿದ್ದರೆ ಇದೇ ದಾರಿ ಹಿಡಿಯುತ್ತಿದ್ದರು. ಅಕ್ಕಾರು ಹಿಡಿಯುವುದಿಲ್ಲ. ಜಮಖಂಡಿಯ ಬೀಗರು, ಸೆಕ್ಟರಿನ ಕಣ್ಣು ಇವೆಲ್ಲ ಕಾರಣವೇ. ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ಪ್ರತಿ ವರ್ಷ ಒಂದು ಕಾಗದಕ್ಕೆ ಸಹಿ ಮಾಡಬೇಕು. ಆ ಸಹಿ ತಮ್ಮ ಮಟ್ಟಿಗೆ ನಿಜವಾಗಿರಬೇಕು. ಹೆಡ್ ಮಾಸ್ತರರ ಜೊತೆ ಬಾಳಿದ ಹೆಂಗಸಿಗೆ ಸುಳ್ಳು ಸಹಿ ಕೈಗೆ ಬರುವುದಿಲ್ಲ.

ನವೆಂಬರ್

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕು. ನವೆಂಬರ್ ಬಂತೆಂದರೆ ಬ್ಯಾಂಕುಗಳಲ್ಲಿ ಲೈಫ್ ಸರ್ಟಿಫಿಕೇಟಿಗೆ ವಯಸ್ಸಾದವರ ಸಾಲು. ಕುಟುಂಬ ಪಿಂಚಣಿಯ ವಿಧವೆಯರಿಂದ ಅದರ ಜೊತೆ, ಮರುಮದುವೆ ಆಗಿಲ್ಲ ಅನ್ನುವ ಮಾತಿಗೂ ಸಹಿ ಪಡೆಯುತ್ತಾರೆ. ಚಿತ್ರಕಥೆಯ ಕೊನೆಯ ದೊಡ್ಡ ದೃಶ್ಯ ಇಲ್ಲಿಗೆ ಬಂತು. ಅಕ್ಕಾರನ್ನು ಬ್ಯಾಂಕಿಗೆ ಕರೆದುಕೊಂಡು ಬಂದವರು ಮಾಸ್ತರರೇ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾರೆ.

"ಅಕ್ಕಾರ, ಇಲ್ಲೊಂದು ಸಹಿ ಮಾಡ್ರಿ."
"ಏನ್ ಬರದೈತಿ ಓದ್ರಿ."
"ನೀವು ಮತ್ತ ಮದುವಿ ಆಗಿಲ್ಲ ಅಂತ್ರಿ."
"ಆಗಿಲ್ಲ."

ಸಹಿ ಮಾಡುತ್ತಾರೆ. ಹೊರಗೆ ಬರುತ್ತಾರೆ.

"ಆತ್ರಿ?"
"ಆತು. ಇನ್ ಮುಂದಿನ ವರ್ಷದ ತನಕ ಚಿಂತಿಲ್ಲ. ಬರ್ರಿ, ಚಾ ಕುಡಿಯೋಣು."

ಅಕ್ಕಾರಿಗೆ ಅಕ್ಷರ ಬರುತ್ತದೆ, ಓದಿಸುವುದು ಯಾಕೆ ಅಂತ ಒಬ್ಬರು ಕೇಳಿದರು. ಅದೇ ಬೇಕಾದದ್ದು. ಆ ಮಾತನ್ನು ಬೇರೆಯವರ ಬಾಯಿಂದ ಕೇಳಿ, ತನ್ನ ಬಾಯಿಂದ ಉತ್ತರ ಹೇಳಬೇಕು ಅಂತ ಆಕೆಗೆ ಅನಿಸುತ್ತದೆ. ಕಾಗದಕ್ಕೆ ಅದು ಬರೀ ಒಂದು ಸಾಲು, ಆಕೆಗೆ ಒಂದು ಬದುಕು.

ಮೂವರ ನಡುವೆ ಜೋರು ಜಗಳ ಆದದ್ದು ಕೊನೆಯ ಚಾ ಬಗ್ಗೆ. ಸಹಿಯ ಮೇಲೆಯೇ ಸಿನಿಮಾ ಮುಗಿಸಬೇಕು, ಆಗ ಪೆಟ್ಟು ಬಲವಾಗಿ ಬೀಳುತ್ತದೆ ಅಂತ ನಿರ್ದೇಶನ ಮಾಡುವ ಹುಡುಗ. ನಾನು ಚಾ ಉಳಿಯಲಿ ಅಂದೆ. ಸಹಿಯ ಮೇಲೆ ಮುಗಿಸಿದರೆ ಇದು ಸೋತ ಕಥೆಯಾಗುತ್ತದೆ. ಇವರು ಸೋತಿಲ್ಲ. ಮದುವೆಯನ್ನು ಬಿಟ್ಟುಕೊಟ್ಟು ಒಬ್ಬರನ್ನೊಬ್ಬರು ಉಳಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಬಳಗ ಸೇರುತ್ತದೆ, ಬನಶಂಕರಿ ಜಾತ್ರೆ ಬರುತ್ತದೆ, ಬ್ಯಾಂಕಿನ ಸಾಲು ಬರುತ್ತದೆ. ಸಿಹಿ ಇರುವುದು ಅಲ್ಲಿ.

ತಿದ್ದಿದ ಕರಡನ್ನು ತಂಡದವರು ನವನಗರದ ಒಂದು ಅಕ್ಕನ ಬಳಗದ ಮುಂದೆ ಓದಿದರು. ಚಾ ಕಪ್ಪಿನ ದೃಶ್ಯ ಓದುವಾಗ ಕೋಣೆ ಮೌನವಾಯಿತು. ಯಾರಿಗೋ ಚುಚ್ಚಿರಬೇಕು, ಒಬ್ಬರು ಎದ್ದು ಒಳಗೆ ಹೋದರು. ಪಿಂಚಣಿಯ ಮಾತಿಗೆ ಯಾರೂ ನಗಲಿಲ್ಲ. ವಯಸ್ಸಾದ ಒಬ್ಬರು, ಇವರೂ ಗಂಡನನ್ನು ಕಳೆದುಕೊಂಡವರೇ, ಒಂದೇ ಪ್ರಶ್ನೆ ಕೇಳಿದರು: "ಆ ಖಣಾ ಟ್ರಂಕಿನ್ಯಾಗ ಇಟ್ಟಳಲ್ಲ, ಆಕಿ ಸತ್ತ ಮ್ಯಾಲ ಸೊಸಿ ಕೈಗೆ ಸಿಕ್ಕರ ಯಾರದು ಅಂತ ತಿಳಕೊಳ್ಳಬೇಕು?" ಹುಡುಗರಿಗೆ ಉತ್ತರ ಹೊಳೆಯಲಿಲ್ಲ. ಅದನ್ನು ಚಿತ್ರಕಥೆಯಲ್ಲಿ ಸೇರಿಸಬೇಕೋ ಬೇಡವೋ ಅಂತ ಈಗಲೂ ಮಾತು ನಡೆದಿದೆ. ಸೇರಿಸಬಾರದು ಅಂತ ನನ್ನ ಅಭಿಪ್ರಾಯ. ಆ ಪ್ರಶ್ನೆ ಪ್ರೇಕ್ಷಕರಿಗೆ ತಾನಾಗಿ ಹುಟ್ಟಿದರೇ ಚೆಂದ.

ಮಾಸ್ತರ ಪಾತ್ರಕ್ಕೆ ನಟ ಬೇಡ, ಕಂಪನಿಯಲ್ಲಿ ದುಡಿದ ನಿಜವಾದ ಪೇಟಿ ಮಾಸ್ತರರೇ ಬೇಕು ಅಂತ ಎಲ್ಲರೂ ಒಪ್ಪಿದರು. ಒಬ್ಬರು ಸಿಕ್ಕಿದ್ದಾರೆ. ಬನಶಂಕರಿ ಕ್ಯಾಂಪ್ ಮುಗಿದ ಮೇಲೆಯೇ ಬರುತ್ತೇನೆ ಅಂದಿದ್ದಾರೆ. ಹಾಗಾಗಿ ಎಳ್ಳಮಾಸಿಯ ಹೊಲದ ದೃಶ್ಯವನ್ನು ಬೆಳೆ ಕೊಯ್ಲಿಗೆ ಹೋಗುವುದರೊಳಗೆ ಹೇಗೆ ತೆಗೆಯುವುದು ಅನ್ನುವುದು ಸದ್ಯ ತಂಡದ ಮುಂದಿರುವ ಕೆಲಸ.